ಬೇರಣ್ಣ ಎದ್ದ ಶನಿವಾರ

ನಮ್ಮ ಬೀದಿಯ ಬಡಗಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೆದರೋ ಎಂದು ನೋಡುತ್ತಾನೆ. ಎಲ್ಲರ ಬಾಯಲ್ಲೂ ಅವನು ಬೇರಣ್ಣ. ಕೂತ ಜಾಗದಲ್ಲಿ ಬೇರು ಬಿಡುವವನು ಎಂದು ಅರ್ಥ. ಕೆಲಸದ ಮಾತಲ್ಲ ಇದು. ಕೆಲಸದಲ್ಲಿ ಅವನು ಬಲು ಚುರುಕು. ಬಾಗಿಲು ಬಿಗಿಯಾಗಿದೆ ಎಂದು ಬೆಳಿಗ್ಗೆ ಹೇಳಿಹೋದರೆ ಮಧ್ಯಾಹ್ನದ ಹೊತ್ತಿಗೆ ಆ ಬಾಗಿಲು ಒಂದು ಬೆರಳಿಗೆ ತೆರೆದುಕೊಳ್ಳುತ್ತಿರುತ್ತದೆ. ಅವನು ಬೇರು ಬಿಡುವುದು ಇಸ್ಪೀಟಿನ ಮೇಜಿನ ಮುಂದೆ.

ಅವನು ಆ ಮೇಜು ಬಿಟ್ಟು ಎದ್ದ ಶನಿವಾರದ ಕತೆ ಇದು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರಿಗೂ ನಿಧಿ ಸಿಗುವುದಿಲ್ಲ. ಒಬ್ಬ ಮನುಷ್ಯ ಕುರ್ಚಿಯಿಂದ ಎದ್ದ, ಅಷ್ಟೇ. ಆದರೂ ಬೀದಿಯ ಜನ ಇವತ್ತಿಗೂ ಅದನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ.

ಆಟ ನಡೆಯುತ್ತಿದ್ದುದು ಟೇಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಶನಿವಾರ ಊಟವಾದ ಮೇಲೆ ಟೇಲರು ಷಟರನ್ನು ಅರ್ಧಕ್ಕೆ ಇಳಿಸುತ್ತಿದ್ದ. ಒಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಮೇಲೆಲ್ಲ ಸೀಮೆಸುಣ್ಣದ ಪುಡಿ, ನೆಲದಲ್ಲಿ ನೂಲಿನ ತುಂಡು, ಮೂಲೆಯಲ್ಲಿ ಅರ್ಧ ಹೊಲಿದ ಕೋಟು ತೊಟ್ಟ ತಲೆಯಿಲ್ಲದ ಬೊಂಬೆ. ಮೇಜಿನ ಸುತ್ತ ನಾಲ್ಕು ಜನ. ಅಂಗಡಿಯ ಯಜಮಾನ ಟೇಲರು, ಎದುರು ಸಾಲಿನ ಪ್ಲಂಬರು, ಬೇಕರಿಯವನು, ಅಂದರೆ ಬೇರಣ್ಣನ ಹೆಂಡತಿಯ ತಮ್ಮ, ಮತ್ತೆ ಬೇರಣ್ಣ.

ಆಟ ಪೋಕರು. ಒಬ್ಬೊಬ್ಬರಿಗೆ ಐದೈದು ಎಲೆ. ಬೇಡದ್ದನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಒಂದೇ ಅಂಕಿಯ ಎಲೆ ಹೆಚ್ಚು ಸೇರಿದಷ್ಟೂ ಕೈ ದೊಡ್ಡದು. ಕೈ ಚೆನ್ನಾಗಿದೆ ಅನ್ನಿಸಿದರೆ ಪಣ ಮುಂದಿಡು, ಇಲ್ಲವಾದರೆ ಎಲೆ ಕೆಳಗಿಟ್ಟು ಸುಮ್ಮನಿರು. ದುಡ್ಡಿಟ್ಟು ಆಡಿದರೆ ಜಗಳ ಅಡುಗೆಮನೆಯವರೆಗೂ ಬರುತ್ತದೆ ಎಂದು ಯಾವ ಕಾಲದಲ್ಲೋ ತೀರ್ಮಾನವಾಗಿತ್ತು. ಹಾಗಾಗಿ ಅವರು ಗುಂಡಿ ಇಟ್ಟು ಆಡುತ್ತಿದ್ದರು, ಟೇಲರನ ಡಬ್ಬಿಯ ಅಂಗಿ ಗುಂಡಿಗಳು. ಬೇರಣ್ಣನದು ಕಂದು ಬಣ್ಣ, ಪ್ಲಂಬರನದು ನೀಲಿ, ಬೇಕರಿಯವನದು ಹಳದಿ, ಟೇಲರನದು ಬಿಳಿ. ಒಂದು ಸಣ್ಣ ಗುಂಡಿ ಎಂದರೆ ಆ ಬಣ್ಣದವನ ಒಂದು ಸಂಜೆಯ ಕೆಲಸ. ಇದಲ್ಲದೆ ಒಬ್ಬೊಬ್ಬನ ಹತ್ತಿರ ಒಂದೊಂದು ದೊಡ್ಡ ಕೋಟಿನ ಗುಂಡಿ. ಅದು ನಾಳೆಯ ಭಾನುವಾರ, ಇಡೀ ಭಾನುವಾರ. ಗೆದ್ದವನು ಸೋತವನ ಬಾಗಿಲಿಗೆ ಹೋಗಿ ಗುಂಡಿ ತೋರಿಸಿದರೆ ಸಾಕು, ಅವನು ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೊರಡಬೇಕು.

ಈ ಗುಂಡಿಗಳಿಂದ ಬೀದಿಗೇ ಒಂದು ರೋಗ ಅಂಟಿತ್ತು. ಯಾರೂ ಯಾರನ್ನೂ ‘ಸ್ವಲ್ಪ ಬಂದು ಕೈ ಹಾಕು’ ಎಂದು ಕೇಳುತ್ತಿರಲಿಲ್ಲ. ಗುಂಡಿ ಇಲ್ಲದೆ ಕೇಳುವುದು ಅವಮಾನ. ನಲ್ಲಿ ಸೋರುತ್ತಿದ್ದರೆ ಪ್ಲಂಬರನ ನೀಲಿ ಗುಂಡಿ ಗೆಲ್ಲುವ ತನಕ ಬಕೆಟ್ಟು ಇಟ್ಟುಕೊಂಡು ಕಾಯುವುದು.

ಇನ್ನೊಂದು ಕಟ್ಟಳೆ ಇತ್ತು. ಆಟದಿಂದ ಮೊದಲು ಎದ್ದವನು ಎಲ್ಲರ ಚಹದ ಲೋಟ ತೊಳೆಯಬೇಕು, ಅದೂ ಅಂಗಡಿ ಮುಂದಿನ ನಲ್ಲಿಯಲ್ಲಿ, ಬೀದಿ ಪೂರ್ತಿ ನೋಡುವ ಹಾಗೆ. ನಾಲ್ಕು ಲೋಟ ತೊಳೆಯುವುದು ಯಾವ ಮಹಾ ಕೆಲಸ, ಹೇಳಿ! ಆದರೂ ಆ ನಾಲ್ಕು ಲೋಟದ ಹೆದರಿಕೆಗೆ ಇವರು ಸೊಂಟ ಹಿಡಿದುಕೊಂಡರೂ, ಕಾಲು ಜೋಮು ಹಿಡಿದರೂ, ಮನೆಯಿಂದ ಹೇಳಿಕಳಿಸಿದರೂ ಏಳುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೆದರಿದವನು ಬೇರಣ್ಣ. ಅವನು ಒಂದು ಸಲವೂ ಲೋಟ ತೊಳೆದವನಲ್ಲ. ಒಂದು ಎಲೆಯನ್ನೂ ಸುಲಭಕ್ಕೆ ಕೆಳಗಿಟ್ಟವನಲ್ಲ.

ಫಲ ಏನಾಯಿತು? ಪ್ಲಂಬರನ ಮನೆಯ ಕಪಾಟಿನ ಬಾಗಿಲುಗಳು ಬೆಣ್ಣೆಯ ಹಾಗೆ ಜಾರುತ್ತವೆ. ಬೇಕರಿಯ ಕಿಟಕಿಗಳು ಮಳೆಗಾಲದಲ್ಲೂ ಉಬ್ಬುವುದಿಲ್ಲ. ಬೇರಣ್ಣನ ಸ್ವಂತ ಮನೆಯ ಬಚ್ಚಲಿಗೆ ಮಾತ್ರ ಬಾಗಿಲಿಲ್ಲ, ಹಳೇ ಪರದೆ. ಒಳಗಿದ್ದವರು ಆಗಾಗ ಕೆಮ್ಮಬೇಕು ಎಂಬುದು ಮನೆಯ ಕಾನೂನು. ಮನೆಯಲ್ಲಿ ಯಾರಿಗಾದರೂ ನೆಗಡಿಯಾಯಿತೋ, ಆ ವಾರವೆಲ್ಲ ಗೊಂದಲ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ಮನೆಯಲ್ಲಿ ಅಕ್ಕ ಇದ್ದಳು.

ಅಕ್ಕ ಎಂದರೆ ಬೇರಣ್ಣನಿಗೆ ಅರ್ಧ ಅಮ್ಮ, ಅರ್ಧ ಪೊಲೀಸು. ತಾಯಿ ತೀರಿಕೊಂಡಾಗ ಅವನಿಗೆ ಸ್ಲೇಟು ಹಿಡಿಯುವ ವಯಸ್ಸು. ಅಕ್ಕ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿ ಅವನನ್ನು ಸಾಕಿದಳು. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ಕೋಟು, ದಿನವಿಡೀ ನಿಂತು ಒತ್ತಿ ಒತ್ತಿ ಅವಳ ತೋಳು ಪೈಲ್ವಾನನ ತೋಳಿನ ಹಾಗಾಗಿತ್ತು. ಬಡಗಿ ಕೆಲಸಕ್ಕೆ ಸೇರಿಸಿದ್ದೂ ಅವಳೇ, ಹೆಣ್ಣು ನೋಡಿದ್ದೂ ಅವಳೇ. ತಾನು ಮಾತ್ರ ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದರೆ, “ಒಬ್ಬನನ್ನ ನೆಟ್ಟಗೆ ಮಾಡೋದ್ರಲ್ಲೇ ಸಾಕಾಯ್ತು, ಇನ್ನೊಬ್ಬ ಯಾಕೆ” ಅನ್ನುವಳು.

ಆ ಅಕ್ಕ ಬಲ್ಬು ಬದಲಾಯಿಸಲು ಅಡುಗೆಮನೆಯ ಸ್ಟೂಲು ಹತ್ತಿದಳು. ಸ್ಟೂಲಿನ ಒಂದು ಕಾಲು ಸಡಿಲವಾಗಿತ್ತು. ನಾಳೆ ಸರಿಮಾಡುತ್ತೇನೆ, ನಾಡಿದ್ದು ಸರಿಮಾಡುತ್ತೇನೆ ಎಂದು ಬೇರಣ್ಣ ತಳ್ಳಿಕೊಂಡು ಬಂದದ್ದು. ಅವನ ಸಂಜೆಗಳೆಲ್ಲ ಕಂದು ಗುಂಡಿಗಳಾಗಿ ಪ್ಲಂಬರನ ಜೇಬಿನಲ್ಲಿದ್ದವು. ಅಕ್ಕ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಆಸ್ಪತ್ರೆ ಸೇರಿದಳು. ಸ್ಟೂಲಿನ ಮಾತನ್ನು ಅವಳು ಒಂದು ಸಲವೂ ಎತ್ತಲಿಲ್ಲ. ಬೈದಿದ್ದರೆ ಬೇರಣ್ಣನಿಗೆ ಊಟ ಸೇರುತ್ತಿತ್ತು.

ಕೆಲವು ತಿಂಗಳು ಗಾಲಿಕುರ್ಚಿಯಲ್ಲೇ ಓಡಾಡಬೇಕು, ಸೋಮವಾರ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಮನೆಯ ಮುಂದೆ ಕಡಿದಾದ ಐದು ಮೆಟ್ಟಿಲು.

“ನಾಲ್ಕು ಜನ ಸೇರಿ ಎತ್ಕೊಂಡು ಹೋಗ್ತೀವಿ, ಬಿಡಕ್ಕಾ” ಎಂದ ಬೇರಣ್ಣ.

“ಎತ್ಕೊಂಡು ಹೋಗೋಕೆ ನಾನೇನು ಬೀರುವಾ?” ಎಂದಳು ಅಕ್ಕ. “ನೋಡು, ಕಾಲು ಹೋಗಿದೆ, ಕೈ ಹೋಗಿಲ್ಲ. ಗಾಲಿ ನಾನೇ ತಳ್ಕೊಂಡು ನನ್ನ ಮನೆಗೆ ಹೋಗೋ ಹಾಗಿದ್ರೆ ಬರ್ತೀನಿ. ಇಲ್ಲ ಅಂದ್ರೆ ಇಲ್ಲೇ ಹಿಂದುಗಡೆ ಆರೈಕೆ ಮನೆ ಇದೆ. ಮಂಚ ಒಂದು ಖಾಲಿ ಇದೆಯಂತೆ. ಸೋಮವಾರದವರೆಗೆ ಹಾಗೇ ಇಡಿ ಅಂತ ನರ್ಸಮ್ಮನಿಗೆ ಹೇಳಿದೀನಿ.”

“ಅಲ್ಲಿಗೆ ಯಾಕಕ್ಕಾ ಹೋಗ್ತೀಯ?”

“ಅಲ್ಲಿ ಮೆಟ್ಟಿಲಿಲ್ಲ.”

ಅಕ್ಕ ಒಂದು ಮಾತು ಹೇಳಿದರೆ ಅದು ಇಸ್ತ್ರಿ ಹಾಕಿದ ಗೆರೆ, ಆಮೇಲೆ ಅಳಿಸುವುದಿಲ್ಲ. ಸೋಮವಾರದೊಳಗೆ ಮೆಟ್ಟಿಲ ಬದಲು ಗಾಲಿ ಏರುವಂಥ ಹಲಗೆಯ ಇಳಿಜಾರು ಕಟ್ಟುತ್ತೇನೆ ಎಂದು ಬೇರಣ್ಣ ತಲೆ ಮುಟ್ಟಿಕೊಂಡು ಆಣೆ ಇಟ್ಟು ಬಂದ. ಆ ವಾರ ಶಾಲೆಯೊಂದರ ಬೆಂಚುಗಳ ಕೆಲಸ ಒಪ್ಪಿಕೊಂಡಿದ್ದರಿಂದ ಉಳಿದದ್ದು ಭಾನುವಾರ ಒಂದೇ. ಹಲಗೆ ತರಿಸಿ ಅಂಗಳದಲ್ಲಿ ಪೇರಿಸಿದ. ಮರದ ಕೆಲಸವೆಲ್ಲ ತಲೆಯಲ್ಲಿ ಸಿದ್ಧವಾಗಿತ್ತು. ಒಂದೇ ಕೊರತೆ: ಇಳಿಜಾರಿನ ಅಂಚಿಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಬೇಕು, ಕಂಬಿ ಬಗ್ಗಿಸಲು ಪ್ಲಂಬರು ಬೇಕು.

ಹೋಗಿ ಕೇಳಿದ್ದರೆ ಆಗುತ್ತಿತ್ತು. ಕೇಳಲು ಗುಂಡಿ ಇರಲಿಲ್ಲ. ಹಾಗಾಗಿ ಶನಿವಾರ ಊಟ ಮುಗಿಸಿದವನೇ ಅಂಗಿ ಹಾಕಿಕೊಂಡ.

“ಎಲ್ಲಿಗೆ ಸವಾರಿ?” ಎಂದಳು ಹೆಂಡತಿ.

“ಪ್ಲಂಬರ್ ಹತ್ರ. ಕಂಬಿ ವಿಷಯ ಮಾತಾಡಬೇಕಲ್ಲ.”

“ಮಾತಾಡೋಕೋ, ಆಡೋಕೋ?”

“ಒಂದು ಕೈ ಆಡಿ ಅವನ ಭಾನುವಾರ ಗೆದ್ಕೊಂಡು ಬಂದ್ಬಿಡ್ತೀನಿ ಕಣೇ. ಸಂಜೆಯೊಳಗೆ ಬರ್ತೀನಿ.”

ಅವಳು ಹೋಗಿ ಅಂಗಳದ ಹಲಗೆಗಳ ಮೇಲೆ ಪ್ಲಾಸ್ಟಿಕ್ಕು ಹೊದಿಸಿದಳು, ಬಹಳ ದಿನ ಇಲ್ಲೇ ಬಿದ್ದಿರುತ್ತವೆ ಎನ್ನುವವರು ಹೊದಿಸುವ ಹಾಗೆ.

ಟೇಲರ್ ಅಂಗಡಿಯಲ್ಲಿ ಅವನಿಗಾಗಿಯೇ ಕಾಯುತ್ತಿದ್ದರು. ಬಡಗಿಯ ಗುಂಡಿಗೆ ಆ ಮೇಜಿನ ಮೇಲೆ ಇದ್ದ ಬೆಲೆ ಬೇರೆ ಯಾವುದಕ್ಕೂ ಇರಲಿಲ್ಲ. ಬೇಕರಿಯವನ ಹಳದಿ ಗುಂಡಿ ಗೆದ್ದರೆ ಬನ್ನು ತಿಂದು ಮುಗಿಯುತ್ತದೆ. ಬೇರಣ್ಣನ ಕಂದು ಗುಂಡಿ ಗೆದ್ದರೆ ಮನೆಗೆ ಅಟ್ಟ ಬರುತ್ತದೆ.

ಮೊದಲ ಕೈ ಅವನಿಗೇ ಬಂತು. ಪ್ಲಂಬರನ ಒಂದು ಸಣ್ಣ ನೀಲಿ ಗುಂಡಿ. ಅಲ್ಲೇ ಎಡವಟ್ಟಾದದ್ದು. ಸೋತಿದ್ದರೆ ಎಚ್ಚರವಾಗುತ್ತಿತ್ತೋ ಏನೋ. ಗೆದ್ದನಲ್ಲ, ಇವತ್ತು ಕೈ ಕುದುರಿದೆ ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಎರಡನೆಯ ಕೈಯಲ್ಲಿ ಎರಡು ರಾಜರನ್ನು ಹಿಡಿದುಕೊಂಡು ಗುಂಡಿ ಸುರಿದ. ಬೇಕರಿಯವನು ನಾಲ್ಕರ ಎಲೆ ಮೂರನ್ನು ಬಿಚ್ಚಿ ಹಲ್ಲು ಕಿರಿದ. ಮೂರನೆಯದರಲ್ಲಿ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಕೆಳಗಿಡಲಿಲ್ಲ. ಹೋದದ್ದನ್ನು ವಾಪಸ್ಸು ತರಬೇಕಲ್ಲ! ಅದೂ ಹೋಯಿತು. ಆಮೇಲಿನದು ಹೇಳುವಂಥದ್ದಲ್ಲ. ಕಂದು ಗುಂಡಿಗಳು ಒಂದೊಂದಾಗಿ ಎದ್ದು ಬೇರೆಯವರ ಮುಂದೆ ಕೂತವು. ಅವನ ಮುಂದಿನ ಸೀಮೆಸುಣ್ಣದ ಪುಡಿಯಲ್ಲಿ ಗುಂಡಿ ಇದ್ದ ಜಾಗಗಳು ದುಂಡಗೆ ಕಾಣುತ್ತಿದ್ದವು.

“ಯಾಕೋ ಬೇರಣ್ಣ, ಇವತ್ತು ಧಾರಾಳ ಜಾಸ್ತಿ” ಎಂದ ಟೇಲರು, ಎಲೆ ಕಲೆಸುತ್ತ. “ನಮ್ಮ ಮನೆ ಮಂಚಕ್ಕೂ ಒಂದು ಗತಿ ಆಯ್ತು.”

“ಬೇಜಾರು ಮಾಡ್ಕೋಬೇಡ ಭಾವ” ಎಂದ ಬೇಕರಿಯವನು. “ಎದ್ದು ಹೋಗ್ಬೇಕಾದ್ರೆ ಹೋಗು. ಲೋಟ ಅಲ್ಲಿವೆ, ನಲ್ಲಿ ಅಲ್ಲಿದೆ.”

“ಅವನು ಏಳೋದಾ? ಕೊಡಲಿ ತರಬೇಕು” ಎಂದ ಪ್ಲಂಬರು.

ಮೂವರೂ ನಕ್ಕರು. ಬೇರಣ್ಣನೂ ನಕ್ಕ. ನಗುತ್ತಲೇ ಐದು ಎಲೆ ಎತ್ತಿಕೊಂಡ. ಎರಡು ರಾಣಿ, ಎರಡು ಎಂಟು, ಒಂದು ಬಿಡಿ ಎಲೆ. ಬಿಡಿಯನ್ನು ಬದಲಾಯಿಸಿದ. ಬಂದದ್ದು ಕೆಲಸಕ್ಕೆ ಬಾರದ ಐದು. ಆದರೂ ಎರಡು ಜೋಡಿ, ಬಂದು ಕೂತಾಗಿನಿಂದ ಅಂಥ ಕೈ ಬಂದಿರಲಿಲ್ಲ.

ಪ್ಲಂಬರು ತನ್ನ ಎಲೆಗಳನ್ನು ಎದೆಗೆ ಒತ್ತಿಕೊಂಡು ಜೇಬಿಗೆ ಕೈ ಹಾಕಿದ. ಅಷ್ಟು ದೊಡ್ಡದಾದ ನೀಲಿ ಕೋಟಿನ ಗುಂಡಿಯನ್ನು ಮೇಜಿನ ನಡುವೆ ಇಟ್ಟ. “ನನ್ನ ಭಾನುವಾರ. ಈಗ ನಿಂದು?”

ಬೇರಣ್ಣ ಬಂದಿದ್ದೇ ಅದಕ್ಕಾಗಿ. ಕೈಗೆಟುಕುವ ದೂರದಲ್ಲಿ ಅಕ್ಕನ ಕಂಬಿ ಕೂತಿತ್ತು. ಅವನ ಹತ್ತಿರ ಸಣ್ಣ ಗುಂಡಿ ಒಂದೂ ಉಳಿದಿರಲಿಲ್ಲ. ಕಂದು ಕೋಟಿನ ಗುಂಡಿ ಮಾತ್ರ. ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದ. ಮುಷ್ಟಿಯನ್ನು ಮೇಜಿನ ಮೇಲೆ ತಂದ. ಇನ್ನು ಬೆರಳು ಬಿಚ್ಚುವುದೊಂದೇ ಬಾಕಿ.

ಅಷ್ಟರಲ್ಲಿ ಬೇಕರಿಯವನು ಬಾಯಿ ತೆರೆದ. ದೇವರು ಅವನ ಬೇಕರಿಯನ್ನು ತಣ್ಣಗಿಟ್ಟಿರಲಿ. ಆ ಬಾಯಿ ತೆರೆಯದಿದ್ದರೆ ಈ ಕತೆ ಇಲ್ಲ.

“ಭಾವನ ಭಾನುವಾರ ಬಂದ್ರೆ ಮೊದಲು ನನ್ನ ಬ್ರೆಡ್ಡಿನ ಕಪಾಟು, ಹೇಳ್ಬಿಟ್ಟಿದೀನಿ.”

“ಯಾವ ಕಪಾಟು? ನನ್ನ ಅಟ್ಟ ಆಗ್ಬೇಕು” ಎಂದ ಪ್ಲಂಬರು. “ಗುಂಡಿ ಇಟ್ಟಿರೋನು ನಾನು.”

“ನಾನೂ ಇಡ್ತೀನಿ, ತಗೋ.” ಹಳದಿ ಕೋಟಿನ ಗುಂಡಿ ಬಂದು ನೀಲಿಯ ಪಕ್ಕ ಕೂತಿತು. “ಈಗ?”

“ಈಗಲೂ ಅಟ್ಟವೇ. ಅಟ್ಟ ಆದ್ಮೇಲೆ ಟೈಮ್ ಇದ್ರೆ ನಿನ್ನ ಕಪಾಟು.”

“ಟೈಮ್ ಎಲ್ಲಿರುತ್ತೆ? ಅಟ್ಟ ಅಂದ್ರೆ ಸಂಜೆ ಆಯ್ತು. ಬೆಳಿಗ್ಗೆ ಕಪಾಟು ಮಾಡಿಸ್ಕೋತೀನಿ, ಮಧ್ಯಾಹ್ನದ ಮೇಲೆ ನೀನು ಕರ್ಕೊಂಡು ಹೋಗು.”

ಟೇಲರು ನ್ಯಾಯ ಹೇಳಲು ಬಂದ. “ಕಿತ್ತಾಡ್ಬೇಡಿ. ಬೆಳಿಗ್ಗೆ ಬೇಕರಿ, ಮಧ್ಯಾಹ್ನ ಅಟ್ಟ. ನಡುವೆ ನನ್ನ ಈ ಮೇಜಿನ ಕಾಲು ನೋಡ್ಲಿ, ಅಲ್ಲಾಡ್ತಿದೆ.”

“ನೀನು ಪಣಾನೇ ಇಟ್ಟಿಲ್ಲವಲ್ಲಯ್ಯ!”

“ಜಾಗ ನಂದಲ್ವೇನಯ್ಯ!”

“ಸರಿ, ಊಟ ಯಾರ ಮನೇಲಿ?” ಎಂದ ಪ್ಲಂಬರು. “ಇವನು ಕಮ್ಮಿ ತಿನ್ನೋನಲ್ಲ.”

“ಊಟಕ್ಕೆ ಅವರ ಮನೆಗೇ ಹೋಗ್ಲಿ, ಅಕ್ಕ ಮಾಡಿರ್ತಾಳೆ” ಎಂದ ಬೇಕರಿಯವನು. ತನ್ನ ಅಕ್ಕನ, ಅಂದರೆ ಬೇರಣ್ಣನ ಹೆಂಡತಿಯ ಮಾತು ಅದು.

ಬೇರಣ್ಣ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಅವನ ಭಾನುವಾರವನ್ನು ಅವನೆದುರಿಗೇ ಕತ್ತರಿಸಿ, ತುಂಡಿಗೆ ಇಷ್ಟು ಎಂದು ಹಂಚುತ್ತಿದ್ದಾರೆ. ಗುಂಡಿ ಇನ್ನೂ ಅವನ ಮುಷ್ಟಿಯಲ್ಲೇ ಇದೆ! ಮೂವರಲ್ಲಿ ಒಬ್ಬನಾದರೂ, ಬಾಯಿ ಮಾತಿಗಾದರೂ, ‘ಬೇರಣ್ಣ ಗೆದ್ದರೆ’ ಎಂದನೇ? ಇಲ್ಲ. ಯಾರ ತಲೆಯಲ್ಲೂ ಅದು ಸುಳಿದಿಲ್ಲ.

ಅವನಿಗೆ ಸಿಟ್ಟು ಬಂತು. ಸಿಟ್ಟಿಗೆ ಗುಂಡಿಯನ್ನು ಬಿಸಾಕಿಯೇಬಿಡುತ್ತಿದ್ದ. ಆದರೆ ಅದೇ ಗಳಿಗೆಯಲ್ಲಿ ಇನ್ನೊಂದು ಸಂಗತಿ ಅವನ ಗಮನಕ್ಕೆ ಬಂತು. ಅವರಿರಲಿ, ಅವನ ತಲೆಯಲ್ಲಾದರೂ ಏನಿತ್ತು? ‘ಅಕ್ಕಾ, ಹಲಗೆ ಸಿಗಲಿಲ್ಲ. ಅಂಗಡಿಯವನು ಕೈಕೊಟ್ಟ. ಎರಡು ದಿನ ಆರೈಕೆ ಮನೇಲಿರು, ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ.’ ಮಾತು ಮಾತಿಗೆ ಸೇರಿ, ಕೀಲು ಕೂತು, ಪಾಲಿಶ್ ಆಗಿ ಸುಳ್ಳು ಸಿದ್ಧವಾಗಿತ್ತು. ಎರಡು ಜೋಡಿ ಕೈಯಲ್ಲಿ ಹಿಡಿದುಕೊಂಡು, ಪಣ ಇನ್ನೂ ಇಡದೆ, ಅವನು ಆಗಲೇ ಸೋತು ಮುಗಿಸಿ ಅಕ್ಕನ ಮಂಚದ ಪಕ್ಕ ನಿಂತು ನೆಪ ಹೇಳುತ್ತಿದ್ದ.

ಎಲೆಗಳನ್ನು ಕವುಚಿ ಮೇಜಿನ ಮೇಲಿಟ್ಟ. ಮುಷ್ಟಿಯನ್ನು ಹಿಂದಕ್ಕೆ ತೆಗೆದುಕೊಂಡ. ಗುಂಡಿಯನ್ನು ಎದೆಯ ಜೇಬಿಗೆ ಹಾಕಿದ.

ಆಮೇಲೆ ಎದ್ದ. ಕುರ್ಚಿ ಕಿರ್ರೆಂದಿತು, ಮಂಡಿ ಲಟಕ್ಕೆಂದಿತು. ಊಟ ಯಾರ ಮನೆಯಲ್ಲಿ ಎಂಬ ಜಗಳ ಅಲ್ಲಿಗೇ ನಿಂತುಹೋಯಿತು.

“ಕಾಲು ಜೋಮು ಹಿಡೀತಾ?” ಎಂದ ಟೇಲರು.

“ಲೋಟ ಕೊಡಿ” ಎಂದ ಬೇರಣ್ಣ.

“ಏನು?”

“ಲೋಟ. ಮೊದಲು ಎದ್ದೋನು ತೊಳೀಬೇಕು ತಾನೆ? ನಾನು ಎದ್ದೆ. ಕೊಡಿ.”

ಪ್ಲಂಬರನ ಮುಖ ಸೋರುವ ಪೈಪು ನೋಡಿದವನ ಹಾಗಾಯಿತು. “ಲೋ, ಆಟದ ನಡುವೆ ಏಳ್ತಾರೇನೋ! ಇಷ್ಟೊಂದು ಸೋತಿದೀಯ, ವಾಪಸ್ ಬೇಡ್ವಾ?”

“ಹೋಗಿರೋದು ಹೋಯ್ತು. ಸಂಜೆ ಸಂಜೆ ಬಂದು ತೀರಿಸ್ತೀನಿ, ಓಡಿ ಹೋಗಲ್ಲ. ನಾಳೆದು ನಂದು.”

“ಹೆದ್ರಿಕೊಂಡ ಭಾವ” ಎಂದ ಬೇಕರಿಯವನು.

“ಹೂಂ ಕಣೋ, ಹೆದ್ರಿಕೊಂಡೆ. ನಿನ್ನ ಲೋಟದಲ್ಲಿ ಇನ್ನೊಂದು ಗುಟುಕಿದೆ, ಕುಡಿ ಬೇಗ.”

ಟೇಲರು ಕೈ ಚಾಚಿದ. “ಹೋಗೋದಾದ್ರೆ ಹೋಗು. ನಿನ್ನ ಎಲೆ ಏನಿತ್ತು, ನೋಡೋಣ.”

ಬೇರಣ್ಣ ತನ್ನ ಐದು ಎಲೆಗಳನ್ನು ಬಾಚಿ, ಟೇಲರನ ಕೈಯಲ್ಲಿದ್ದ ಕಟ್ಟಿನ ನಡುನಡುವೆ ಸಿಕ್ಕಿಸಿ, ಸೇರಿಸಿ ಕಲೆಸಿಬಿಟ್ಟ. ಗೆಲ್ಲುವ ಕೈಯೋ, ಸೋಲುವ ಕೈಯೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದು ಅನ್ನಿಸಲೂ ಇಲ್ಲವಂತೆ.

ಹೊರಗೆ ಒಳ್ಳೆ ಬಿಸಿಲು. ಅರ್ಧ ಷಟರಿನ ಕೆಳಗೆ ಬಗ್ಗಿ, ಲೋಟಗಳನ್ನು ಎದೆಗೆ ಅವಚಿಕೊಂಡು ಬೇರಣ್ಣ ಹೊರಬಿದ್ದಾಗ ಬೀದಿಯ ಕಣ್ಣುಗಳೆಲ್ಲ ಇತ್ತ ತಿರುಗಿದವು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಮುದುಕಿಯೊಬ್ಬಳು ಕೂಗಿದಳು: “ಏನಪ್ಪಾ ಬೇರಣ್ಣ, ಹೋಟೆಲು ಕೆಲಸಕ್ಕೆ ಸೇರಿದ್ಯಾ?”

“ಇವತ್ತೇ ಸೇರಿದೆ ಅಜ್ಜಿ. ನಾಳೆ ರಜಾ!”

ನಾಲ್ಕು ಲೋಟಗಳನ್ನೂ ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು ನೋಡಿದ. ಬಡಗಿಯಲ್ಲವೇ, ಅರ್ಧಂಬರ್ಧ ಕೆಲಸ ಬಾರದು. ಇಷ್ಟು ವರ್ಷ ಹೆದರಿದ್ದು ಇದಕ್ಕೇ? ತಣ್ಣನೆ ನೀರು ಕೈಮೇಲೆ ಬೀಳುವುದು ಹಿತವಾಗಿಯೇ ಇತ್ತು. ಅವನಿಗೆ ತಡೆಯಲಾರದಷ್ಟು ನಗು ಬಂತು.

ಪ್ಲಂಬರು ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತಿದ್ದ, ಗೇಲಿ ಮಾಡಲೆಂದು. ಬೇರಣ್ಣ ಕೈ ಒದರಿಕೊಂಡು ಅವನ ಕಡೆ ತಿರುಗಿದ. ಲೋಟ ತೊಳೆದಾಗಿತ್ತು, ಇನ್ನು ಯಾವ ಅವಮಾನ ಬಾಕಿ?

“ನಾಳೆ ಬೆಳಿಗ್ಗೆ ಮನೆ ಹತ್ರ ಬರ್ತೀಯಾ? ಅಕ್ಕನಿಗೆ ಇಳಿಜಾರು ಕಟ್ತಿದೀನಿ. ಕಂಬಿ ಬಗ್ಗಿಸಿ ಕೂರಿಸ್ಬೇಕು.”

ಪ್ಲಂಬರು ಅವನ ಕೈ ನೋಡಿದ. “ಗುಂಡಿ?”

“ಇಲ್ಲ.”

“ಗುಂಡಿ ಇಲ್ದೆ ಹೇಗೋ ಬರೋದು?”

“ನಡ್ಕೊಂಡು ಬಾ.”

ಪ್ಲಂಬರು ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಬರುತ್ತಾನೋ ಇಲ್ಲವೋ ಹೇಳಲಿಲ್ಲ.

ಮನೆಯ ಅಂಗಳಕ್ಕೆ ಕಾಲಿಟ್ಟಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹೆಂಡತಿ ಬಾಗಿಲಿಗೆ ಬಂದು ಆಕಾಶ ನೋಡಿದಳು, ಗಂಡನನ್ನು ನೋಡಿದಳು. “ರೀ, ಹುಷಾರಾಗಿದೀರಾ? ಜ್ವರ ಗಿರ?”

“ಸೋತು ಎದ್ದು ಬಂದೆ.”

“ಎದ್ದು ಬಂದ್ರಾ?” ಅವಳಿಗೆ ಸೋತದ್ದು ಕೇಳಿಸಲೇ ಇಲ್ಲ. “ನೀವಾಗೇ ಎದ್ರಾ, ಅಂಗಡಿಗೆ ಬೆಂಕಿ ಬಿತ್ತಾ?”

“ನಾನೇ ಎದ್ದೆ. ಲೋಟನೂ ತೊಳೆದೆ.”

ಅವಳು ಹಲಗೆಗಳ ಮೇಲಿನ ಪ್ಲಾಸ್ಟಿಕ್ಕನ್ನು ಸರ್ರನೆ ಎಳೆದು ಮಡಿಸಿಟ್ಟಳು. “ಹಾಗಾದ್ರೆ ಬೆಳಕಿರೋವಾಗಲೇ ಅಳತೆ ಹಾಕಿ” ಎಂದು ಟೇಪಿನ ಒಂದು ತುದಿ ಹಿಡಿದಳು.

ಭಾನುವಾರದ ಕೆಲಸ ಸುಲಭದ್ದಾಗಿರಲಿಲ್ಲ. ನೇರ ಇಳಿಸಿದರೆ ಇಳಿಜಾರು ಬೀದಿಯ ನಡುವಿಗೇ ಹೋಗಿ ನಿಲ್ಲುತ್ತದೆ. ಗಿಡ್ಡ ಮಾಡಿದರೆ ಗೋಡೆ ಹತ್ತಿದ ಹಾಗೆ ಕಡಿದು. ಹಾಗಾಗಿ ಗೋಡೆಯ ಉದ್ದಕ್ಕೂ ಹತ್ತಿಸಿ, ಮೂಲೆಯಲ್ಲಿ ಗಾಲಿಕುರ್ಚಿ ತಿರುಗುವಷ್ಟು ಚೌಕ ಬಿಟ್ಟು, ಅಲ್ಲಿಂದ ಬಾಗಿಲಿಗೆ ತಿರುಗಿಸಬೇಕು. ಬೆಳಕು ಹರಿಯುವ ಮುಂಚೆಯೇ ಗರಗಸ ಶುರುವಾಯಿತು. ಹೆಂಡತಿ ತೊಲೆ ಹಿಡಿದಳು, ಮೊಳೆ ಆನಿಸಿ ಹಿಡಿದಳು, ಎರಡು ಸಲ ಹೆಬ್ಬೆರಳಿಗೆ ಹೊಡೆಸಿಕೊಂಡು ಅವನಿಗೆ ಬೈದಳು. ಹೊಸ್ತಿಲನ್ನೇ ಕಿತ್ತು ಸಪಾಟು ಮಾಡಿದರು. ಹಲಗೆಯ ಮೇಲೆ ಗಾಲಿ ಜಾರದಿರಲೆಂದು ಬೇರಣ್ಣ ಉಳಿಯಿಂದ ಅಡ್ಡ ಗೀರುಗಳನ್ನು ಕೊರೆದ.

ಪ್ಲಂಬರು ಬರಲಿಲ್ಲ. ಸೂರ್ಯ ನೆತ್ತಿಗೆ ಬಂದರೂ ಬರಲಿಲ್ಲ. ಕಂಬಿಯ ಬದಲಿಗೆ ಮರದ ರೀಪೇ ಹೊಡೆಯೋಣ ಎಂದು ಬೇರಣ್ಣ ಹಲಗೆ ಹುಡುಕುತ್ತಿರುವಾಗ ಗೇಟಿನ ಹತ್ತಿರ ಕಬ್ಬಿಣ ಎಳೆಯುವ ಸದ್ದಾಯಿತು.

“ಗುಂಡಿ ಇಲ್ದೆ ಹೇಗೆ ಬರೋದು ಅಂತ ರಾತ್ರಿ ಪೂರ್ತಿ ಯೋಚನೆ ಮಾಡಿದೆ ಕಣೋ” ಎಂದ ಪ್ಲಂಬರು, ಹೆಗಲ ಮೇಲಿನ ಪೈಪುಗಳನ್ನು ಇಳಿಸುತ್ತ. “ಗೊತ್ತಾಗ್ಲಿಲ್ಲ. ಸುಮ್ನೆ ಬಂದೆ. ಆಮೇಲೆ ನಿನ್ನೆ ಕತೆ ಕೇಳು. ನೀನು ಹೋದ ಮೇಲೆ ನಿನ್ನ ಭಾಮೈದನೂ ಎದ್ದ. ಮೊದಲು ಏಳೋನು ಎದ್ದು ಹೋಗಾಯ್ತು, ಇನ್ನೇನು ಹೆದರಿಕೆ ಅಂದ. ಟೇಲರ್ ಒಬ್ಬನೇ ಕೂತು ಬೊಂಬೆಗೆ ಎಲೆ ಹಂಚ್ತಿದ್ದ.”

ಸಂಜೆಗೆ ಕಂಬಿ ಕೂತಿತು. ಪರೀಕ್ಷೆಗೆಂದು ಪ್ಲಂಬರನ ಸಾಮಾನಿನ ಗಾಡಿಯಲ್ಲಿ ಬೇರಣ್ಣ ಕೂತು, ಕಂಬಿ ಹಿಡಿದು ಎಳೆದುಕೊಂಡು ಹತ್ತಿದ. ಮೂಲೆಯಲ್ಲಿ ಕೈ ತಪ್ಪಿ ಹಿಮ್ಮುಖವಾಗಿ ಉರುಳಿ ಗೇಟಿಗೆ ಹೋಗಿ ಬಡಿದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂಲೆಯ ಚೌಕದ ಅಂಚಿಗೆ ಗಾಲಿ ತಡೆಯುವ ಪಟ್ಟಿ ಬೇಕೆಂದು ಗೊತ್ತಾದದ್ದು ಹಾಗೆ. ಅದನ್ನೂ ಹೊಡೆದು, ಸಿಬಿರು ಚುಚ್ಚದ ಹಾಗೆ ಉಜ್ಜಿ, ಅಂಗೈ ಆಡಿಸಿ ನೋಡಿ ಮುಗಿಸಿದರು.

ಸೋಮವಾರ ಅಕ್ಕ ಆಸ್ಪತ್ರೆಯ ವ್ಯಾನಿನಿಂದ ಇಳಿದಳು. ಮೊಣಕಾಲ ಮೇಲೆ ಬಟ್ಟೆಯ ಗಂಟು, ಮುಖದಲ್ಲಿ ಯಾವ ಭರವಸೆಯನ್ನೂ ಇಟ್ಟುಕೊಳ್ಳದ ಗತ್ತು. “ಈಗಲೇ ಹೋಗ್ಬೇಡಪ್ಪ, ನಿಲ್ಲು” ಎಂದು ಡ್ರೈವರಿಗೆ ಹೇಳಿದಳು. “ನೋಡೋಣ. ವಾಪಸ್ ಬಂದ್ರೂ ಬಂದೆ.”

ಗೇಟು ದಾಟಿ ಕುರ್ಚಿ ನಿಲ್ಲಿಸಿದಳು. ಗೋಡೆಯ ಗುಂಟ ಏರಿದ ಹಲಗೆಯನ್ನು, ಮೂಲೆಯ ಚೌಕವನ್ನು, ಕಂಬಿಯನ್ನು ಕಣ್ಣಲ್ಲೇ ಒತ್ತಿ ಒತ್ತಿ ನೋಡಿದಳು. ಅಷ್ಟು ಹೊತ್ತಿಗೆ ಬೀದಿಯವರು ಒಬ್ಬೊಬ್ಬರಾಗಿ ಕಾಂಪೌಂಡಿನ ಆಚೆ ಸೇರಿದ್ದರು. ಬೇಕರಿಯವನು, ಟೇಲರು, ಪ್ಲಂಬರು, ಮಹಡಿಯ ಮೇಲೆ ಅಜ್ಜಿ.

ಅಕ್ಕ ಗಾಲಿಗೆ ಕೈ ಹಾಕಿದಳು. ಇಸ್ತ್ರಿಯ ತೋಳು ಒಮ್ಮೆ ಉಬ್ಬಿತು. ಕುರ್ಚಿ ಹಲಗೆ ಹತ್ತಿತು. ಒಂದು ಎಳೆತ, ಇನ್ನೊಂದು ಎಳೆತ. ಮೂಲೆಗೆ ಬಂದಾಗ ಗಾಲಿ ತುಸು ಹಿಂದೆ ಸರಿಯಿತು. 'ಅಯ್ಯೋ' ಎಂದು ಎಲ್ಲರೂ ಮುಂದೆ ನುಗ್ಗಿದರು.

“ಕೈ ತೆಗೀರಿ ಎಲ್ಲರೂ!” ಎಂದು ಅಕ್ಕ ಗುಡುಗಿದಳು. ಎಡಗೈಯಲ್ಲಿ ಕಂಬಿ ಹಿಡಿದಳು, ಬಲಗೈಯಲ್ಲಿ ಗಾಲಿ ತಿರುಗಿಸಿದಳು, ಗರ್ರನೆ ತಿರುಗಿ ನೇರ ಬಾಗಿಲಿಗೆ ಹೋದಳು. ಹೊಸ್ತಿಲಿದ್ದ ಜಾಗವನ್ನು ಗಾಲಿಗಳು ದಾಟಿದ್ದೇ ಗೊತ್ತಾಗಲಿಲ್ಲ.

ಬೇರಣ್ಣ ಹಣೆ ಒರೆಸಿಕೊಂಡ. ಡ್ರೈವರು ನಗುತ್ತ ವ್ಯಾನು ಹತ್ತಿ ಹೊರಟ.

ಅಷ್ಟರಲ್ಲಿ ಕುರ್ಚಿ ಮತ್ತೆ ಬಾಗಿಲಿಗೆ ಬಂತು. ಮುಖ ಹೊರಗೆ ಮಾಡಿ ಅಕ್ಕ ಕಂಬಿ ಹಿಡಿದುಕೊಂಡು ಇಳಿಯತೊಡಗಿದಳು, ಮೂಲೆ ತಿರುಗಿದಳು, ಅಂಗಳಕ್ಕೆ ಬಂದು ನಿಂತಳು.

ಬೇರಣ್ಣ ಓಡಿ ಬಂದ. “ಯಾಕಕ್ಕಾ, ಏನಾದ್ರೂ ಸರಿ ಇಲ್ವಾ? ಯಾಕೆ ಇಳಿದೆ?”

“ಮತ್ತೆ ಹತ್ತೋಕೆ” ಎಂದಳು ಅಕ್ಕ. “ದಾರಿ ಬಿಡೋ.”